ರತೀಶ ಇಟ್ಟ ಜಾಗ

ಅಳಿವೆಯ ಬಾಯಲ್ಲಿ ಆಳವಿಲ್ಲದ ಕಡೆ ತೆರೆಗಳು ಮುರಿದು ನೊರೆ ಬೆಳ್ಳಗೆ ಏಳುತ್ತಿತ್ತು. ಮೀನುಗಾರರ ಸಂಘದ ಶೆಡ್ಡಿನ ಮೇಲಿನ ಬೋರ್ಡು ಮಾತ್ರ ‘ನೀರು ಸಾಕಷ್ಟಿದೆ, ಒಳಗೆ ಬರಬಹುದು’ ಎಂದು ಹಸಿರು ಅಕ್ಷರದಲ್ಲಿ ಹೇಳುತ್ತಿತ್ತು. ಕುಷ್ಟಣ್ಣ ಬೋರ್ಡನ್ನು ಆರಿಸಿದ. ಕುಂದಾಪುರದ ಕಂಪ್ಯೂಟರ್ ಅಂಗಡಿಯ ವಿಜೇತಾಳಿಗೆ ಫೋನು ಮಾಡಿ, ಮೊದಲ ಬಸ್ಸಿಗೇ ಬಾ ಎಂದು ಗದರಿದ. ಹಿಂದಿನ ದಿನ ಬಂದು ಹೊಸ ಪ್ರೋಗ್ರಾಮು ಹಾಕಿ ಹೋದವಳು ಅವಳೇ.

ಆ ಬೋರ್ಡು ಕುಷ್ಟಣ್ಣನ ಮಗ ರತೀಶನ ಕೆಲಸ. ಭರತ ಇಳಿತಗಳ ಹೊತ್ತು ಇಂಟರ್‌ನೆಟ್ಟಿನಿಂದ ಬರುತ್ತಿತ್ತು; ಅದು ಇಡೀ ಕರಾವಳಿಗೆ ಒಂದೇ. ಆದರೆ ಅಳಿವೆ ಅಳಿವೆಗೂ ಮರಳು ಕೂರುವ ರೀತಿ ಬೇರೆ. ರತೀಶ ದೋಣಿಯಲ್ಲಿ ಹೋಗಿ, ಗಳ ಊರಿ, ಎಲ್ಲೆಲ್ಲಿ ಎಷ್ಟು ಆಳವೆಂದು ಅಳೆದು ಒಂದು ಸಣ್ಣ ಫೈಲು ಬರೆದಿದ್ದ. ಪ್ರೋಗ್ರಾಮು ಅದನ್ನು ಓದಿ ಈ ಅಳಿವೆಯ ನೀರು ಹೇಳುತ್ತಿತ್ತು; ಆ ಫೈಲು ಇಲ್ಲದಿದ್ದರೆ ಇಡೀ ಕರಾವಳಿಯ ಲೆಕ್ಕವನ್ನೇ ತೋರಿಸುತ್ತಿತ್ತು. ಹೋದ ವರ್ಷ ಮಳೆಗಾಲದ ಸೋಣೆ ತಿಂಗಳಲ್ಲಿ ತ್ರಾಸಿಯ ಹತ್ತಿರ ಹೆದ್ದಾರಿಯಲ್ಲಿ ರತೀಶನ ಬೈಕಿಗೆ ಲಾರಿ ಬಡಿಯಿತು. ಅಂದಿನಿಂದ ಕುಷ್ಟಣ್ಣ ದೋಣಿ ಹತ್ತುವುದನ್ನು ಬಿಟ್ಟ. ಬೆಳಿಗ್ಗೆ ಶೆಡ್ಡಿಗೆ ಬಂದು, ಮಾರಸ್ವಾಮಿ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಕಂಪ್ಯೂಟರನ್ನು ಒರೆಸಿ, ಅದರ ಮುಂದೆ ಕೂರುತ್ತಿದ್ದ.

ವಿಜೇತಾ ನೆನೆದ ಕೊಡೆಯನ್ನು ಬಾಗಿಲಲ್ಲಿ ಇಡುವ ಮೊದಲೇ ಅವನು ಕೇಳಿದ, “ಎಂತ ಮಾಡಿಟ್ಟೆ ಹೆಣ್ಣೇ? ನನ್ ಮಗ ಬರ್ದದ್ದ್ ಎಲ್ಲಿ?”

ಅವಳು ಕುಳಿತು ಹುಡುಕಿದಳು. ಮುಖ ಸಪ್ಪಗಾಯಿತು.

“ನಿನ್ನೆ ನಾ ಕೇಣ್ಲಿಲ್ಯಾ ಕುಷ್ಟಣ್ಣ? ಈ ಫೈಲ್ ಪ್ರೋಗ್ರಾಮಿನ್ ಒಳ್ಗೇ ಇತ್ತ್, ತೆಗ್ದ್ ಬೇರೆ ಕಡೆ ಇಡ್ತೆ ಅಂದೆ. ನೀವ್ ಎಂತ ಹೇಳಿದ್ರಿ?”

ಹೇಳಿದ್ದು ಅವನಿಗೆ ನೆನಪಿತ್ತು. ಮಗನ ವರ್ಷಾಂತಿಕ ಮುಗಿಯುವ ತನಕ ಅವನ ಸಾಮಾನು ಒಂದನ್ನೂ ಕದಲಿಸುವುದಿಲ್ಲ, ಅವನು ಇಟ್ಟದ್ದು ಇಟ್ಟಲ್ಲೇ ಇರಲಿ ಎಂದಿದ್ದ. ಮನೆಯಲ್ಲಿ ರತೀಶನ ಅಂಗಿ ಇನ್ನೂ ಗೂಟದಲ್ಲೇ ತೂಗುತ್ತಿತ್ತು.

“ಕದಲ್ಸ್‌ಬೇಡ ಅಂದೆ. ಅಳ್ಸು ಅಂದ್ನಾ?”

“ಇದ್ದದ್ರ್ ಮೇಲೇ ಹೊಸ್ತ್ ಹಾಕುವ ಅಂದ್ಕಂಡಿದ್ದೆ. ಹಳೇದ್ರೊಟ್ಟಿಗ್ ಅದ್ ಹೊಂದ್ಲಿಲ್ಲ. ವರ್ಚುವಲ್ ಎನ್ವಿರಾನ್‌ಮೆಂಟ್ ಪೂರಾ ಅಳ್ಸಿ ಮತ್ತೆ ಮಾಡ್ಕಾಯ್ತ್. ಆ ಗಡ್‌ಬಿಡಿಯಲ್ಲಿ ಇದ್ ಮರ್ತ್ ಹೋಯ್ತ್. ನನ್ ತಪ್ಪೂ ಇತ್ತ್.”

“ಅದ್ ಎಂತದ್ ಮಾರಾಯ್ತಿ, ಆ ಎನ್ವಿರಾನ್‌ಮೆಂಟ್?”

“ಪ್ರೋಗ್ರಾಮಿಗೆ ಅಂತ್ಲೇ ಕಟ್ಟಿದ್ ಒಂದ್ ಕೋಣೆ. ಅದ್ರೊಳ್ಗಿನ್ ಸಾಮಾನ್ ಎಲ್ಲ ಹೊರಗಿಂದ ಬಪ್ಪುದ್. ಕೆಟ್ರೆ ಕೋಣೆ ಕೆಡವಿ ಇನ್ನೊಂದ್ ಕಟ್ಟೂದ್. ನಾವ್ ಕೈಯಾರೆ ಬರ್ದದ್ದನ್ನ್ ಅದ್ರೊಳ್ಗ್ ಇಡೂಕಾಗ. ಹೊರಗ್ ಇಟ್ಟ್, ಇಂಥಲ್ಲಿ ಇತ್ತ್ ಕಾಣ್ ಅಂತ ಪ್ರೋಗ್ರಾಮಿಗೆ ಹೇಳ್ಕ್.”

“ಹಾಂಗಾರೆ ನನ್ ಮಗ ಬುದ್ಧಿ ಇಲ್ದೆ ಇಟ್ಟದ್ದಾ?”

“ಅವಸರಕ್ಕ್ ಇಟ್ಟಿರ್ತ. ಸುಮಾರ್ ಜನ ಇಡ್ತ್ರ್. ನಾನೂ ಇಟ್ಟಿದ್ದೆ.”

ಕುಷ್ಟಣ್ಣ ಎದ್ದು ಹೊರಗೆ ಹೋದ. ಶೆಡ್ಡಿನ ಬದಿಯಲ್ಲಿ ಒಣಮೀನಿನ ಬುಟ್ಟಿಗೆ ಬಾಯಿ ಹಾಕಿದ್ದ ನಾಯಿಯನ್ನು ಬೈದ. ಮಳೆಯನ್ನು ಬೈದ. ಹುಡುಗಿ ತಪ್ಪೊಪ್ಪಿಕೊಂಡ ಮೇಲೆ ಅವಳ ಮೇಲೆ ಸಿಟ್ಟು ನಿಲ್ಲಲಿಲ್ಲ. ಸತ್ತ ಮಗನ ಮೇಲೆ ಸಿಟ್ಟಾಗಲು ಮನಸ್ಸು ಬರಲಿಲ್ಲ. ದೇವರ ಮೇಲೆ ಸಿಟ್ಟಾಗಿ ಆಗಲೇ ದಣಿದಿದ್ದ. ಮಗ ಈ ಊರಿಗೆ ಬಿಟ್ಟು ಹೋದದ್ದು ಅದೊಂದೇ. ಅದನ್ನು ಜೋಪಾನ ಮಾಡಲು ಹೋಗಿ ತಾನೇ ಕಳೆದೆನಲ್ಲ ಎಂದು ಕೈ ಕೈ ಹಿಸುಕಿಕೊಂಡ.

“ಕುಷ್ಟಣ್ಣ, ಬನ್ನಿ. ಸಿಕ್ತ್.”

ಮೊದಲ ಸಲ ಬರೆದಾಗ ರತೀಶ ಅದರ ಒಂದು ಪ್ರತಿಯನ್ನು ಸಂಘದ ಈ-ಮೇಲಿಗೆ ಕಳಿಸಿದ್ದ. ವಿಜೇತಾ ಅದನ್ನು ಇಳಿಸಿ ಹೊರಗಿನ ಫೋಲ್ಡರಿನಲ್ಲಿಟ್ಟು, ಇದನ್ನು ಓದೆಂದು ಪ್ರೋಗ್ರಾಮಿಗೆ ತೋರಿಸಿ, ಬೋರ್ಡು ಹೊತ್ತಿಸಿದಳು. ‘ನೀರು ಕಡಿಮೆ, ಹೊರಗೇ ಕಾಯಿರಿ’ ಎಂದು ಕೆಂಪು ಅಕ್ಷರ ಮೂಡಿತು. ಕುಷ್ಟಣ್ಣ ಪಟದ ಕಡೆ ತಿರುಗಿ ಕೈ ಮುಗಿದ. ಕಣ್ಣು ತುಂಬಿತು.

ಅಷ್ಟು ಹೊತ್ತಿಗೆ ಮೈಯೆಲ್ಲ ಉಪ್ಪುನೀರು ಸುರಿಸಿಕೊಂಡು ದೋಣಿ ನಡೆಸುವ ತಾಂಡೇಲ ಗಣಪ ಬಂದ. ಅವನ ನಾಡದೋಣಿ ಆಗಷ್ಟೇ ಒಳಗೆ ಬಂದಿತ್ತು.

“ಹ್ವಾಯ್, ಇದೆಂತ ಕೆಂಪ್? ನಾ ಈಗ ಬಂದದ್ದ್ ಮತ್ತೆ ಆಕಾಶದಲ್ಲಿ ಹಾರಿಯಾ?” ಎಂದು ನಕ್ಕ. ಕುಷ್ಟಣ್ಣನ ಮುಖ ಕಂಡು ನಗು ನಿಲ್ಲಿಸಿದ.

“ಎಲ್ಲಿಂದ ಬಂದೆ?”

“ಬಡಗ್ ಬದಿಂದ. ನಡು ದಾರಿ ಪೂರಾ ಹೊಯ್ಗೆ ತುಂಬಿತ್ತಲೆ.”

“ಯಾವಾಗಿಂದ?”

“ಮಳೆ ಹಿಡ್ದಲ್ಲಿಂದ.”

ರತೀಶ ಅಳೆದದ್ದು ಈಗ ಮರಳು ತುಂಬಿದ ಆ ನಡು ದಾರಿಯನ್ನೇ. ಕುಷ್ಟಣ್ಣ ಕೇಳಿದ, “ಹಾಂಗಾರೆ ನೀವ್ ಬೋರ್ಡ್ ಕಾಣುದೇ ಇಲ್ಯಾ?”

ಗಣಪ ತಲೆವಸ್ತ್ರ ತೆಗೆದು ಹಿಂಡಿದ. “ಬಿಟ್ಟ್ ಎರ್ಡ್ ತಿಂಗ್ಳಾಯ್ತ್.”

“ನಂಗ್ ಎಂತಕ್ಕ್ ಹೇಳ್ಲಿಲ್ಲ?”

“ನೀವ್ ಅದ್ನ್ ಒರ್ಸಿ, ಊದ್‌ಬತ್ತಿ ಹಚ್ಚಿ ಕೂಕಂಬುದ್ ಕಾಂತಿತ್ತ್. ಯಾರಿಗ್ ಬಾಯ್ ಬತ್ತ್?”

ಹೊಸ ದೋಣಿಯವನೊಬ್ಬ ಬೋರ್ಡನ್ನು ನಂಬಿ ಹೊರಗೇ ಕಾದು ಗಾಳಿಗೆ ಸಿಕ್ಕಿದ್ದರೆ? ಕುಷ್ಟಣ್ಣ ಅಳಿವೆಯತ್ತ ನೋಡಿದ. ಊರವರು ತನ್ನ ದುಃಖಕ್ಕೆ ಮರ್ಯಾದೆ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದರು. ಅವನು ಮೂಲೆಯ ಗಳ ತೆಗೆದ.

“ದೋಣಿ ತಿರುಗ್ಸ್ ಗಣಪ.”

“ಈಗವಾ? ಇಳ್ತ ಶುರುವಾಯ್ತಲೆ.”

“ಇಳ್ತದಲ್ಲೇ ಅಳಿಕ್. ಭರ್ತದಲ್ಲಿ ಅಳ್ದದ್ದ್ ಯಾರಿಗ್ ಬೇಕ್?”

ಕುಷ್ಟಣ್ಣ ಒದ್ದೆಯಾಗಿ ತಿರುಗಿ ಬಂದ. ಬಡಗು ಬದಿಯ ಆಳವನ್ನು ಒಂದೊಂದಾಗಿ ಹೇಳಿದ. ವಿಜೇತಾ ಹೊಸ ಫೈಲಿನಲ್ಲಿ ಬರೆದು ಹೊರಗಿನ ಫೋಲ್ಡರಿಗೇ ಹಾಕಿದಳು.

“ಮೇಲೆ ಅಳ್ದವ್ರ್ ಹೆಸ್ರ್ ಹಾಕ್ಕ್ ಕುಷ್ಟಣ್ಣ. ಹಳೇದ್ರಲ್ಲಿ ರತೀಶಣ್ಣಂದ್ ಇತ್ತ್. ಅದನ್ನೇ ಇಡ್ಲಾ?”

ಕುಷ್ಟಣ್ಣ ಗಳವನ್ನು ಮೂಲೆಗೆ ಒರಗಿಸಿದ.

“ಬ್ಯಾಡ. ಮುಂದಿನ್ ಮಳೆಗ್ ಹೊಯ್ಗೆ ಮತ್ತೆ ಸರಿತ್ತ್. ಆಗ ಬೈಗ್ಳ್ ತಿಂಬುಕೆ ಅವ್ನ್ ಹೆಸ್ರ್ ಬ್ಯಾಡ. ನನ್ನದ್ ಹಾಕ್.”

“ತಪ್ಪಿರೆ ನಿಮ್ಗೇ ಬೈತೊ ಮತ್ತೆ,” ಎಂದ ಗಣಪ.

“ಬೈಯಿರಿ,” ಎಂದ ಕುಷ್ಟಣ್ಣ, ಒದ್ದೆ ಅಂಗಿ ಕಳಚುತ್ತಾ. “ಬಾಯ್ ಮುಚ್ಕಂಡ್ ಮಾತ್ರ ಕೂಕಂಬುದ್ ಬ್ಯಾಡ.”