ದೀಪ ಹಿಡಿದ ನಾಗಕ್ಕ

ಸರಸ್ವತಮ್ಮನವರು ಕೊಲ್ಲಿ ದೇಶದ ಅಲ್ ಖುವೈರ್ ಬಡಾವಣೆಯಲ್ಲಿ ಮಗಳು ವಿನೋದಾಳ ಫ್ಲ್ಯಾಟಿನಲ್ಲಿದ್ದರು. ಒಂದು ಸಂಜೆ ಮೊಮ್ಮಗಳು ಖುಷಿ ಟಿ.ವಿ.ಯಲ್ಲಿ ಏನನ್ನೋ ಹುಡುಕುತ್ತಿದ್ದವಳು, "ಅಜ್ಜಿ, ನೀನು ಆಕ್ಟ್ ಮಾಡಿದ್ದೆ ಅಂತಿದ್ಯಲ್ಲ, ಆ ಕೋಟೆ ಸಿನಿಮಾ ಸಿಕ್ತು. ಯಾರೋ ಅಪ್‌ಲೋಡ್ ಮಾಡಿದಾರೆ" ಎಂದಳು.

ಚಾರಿತ್ರಿಕ ಕಾದಂಬರಿಯೊಂದನ್ನು ಆಧರಿಸಿ ತೆಗೆದ ಚಿತ್ರ ಅದು. ಅರಮನೆಯ ದಾಸಿಯರಾಗಲು ಹುಡುಗಿಯರು ಬೇಕೆಂದು ಸ್ಟುಡಿಯೋದವರು ಮೈಸೂರಿನ ಇವರ ಬೀದಿಗೆ ಬಂದಾಗ ಸರಸ್ವತಮ್ಮನಿಗೆ ಹನ್ನೆರಡು ವರ್ಷ. ಅಕ್ಕ ನಾಗರತ್ನಳೂ ಹೊರಟಿದ್ದಳು. ಮರುವರ್ಷವೇ ವಿಷಮಶೀತ ಜ್ವರ ಅಕ್ಕನನ್ನು ಒಯ್ದಿತು. ಮನೆಯಲ್ಲಿ ಅವಳದೊಂದು ಫೋಟೋ ಕೂಡ ಇರಲಿಲ್ಲ. ಈಚೆಗಂತೂ ಸರಸ್ವತಮ್ಮನಿಗೆ ಅಕ್ಕನ ಉದ್ದ ಜಡೆ ನೆನಪಾಗುತ್ತಿತ್ತೇ ಹೊರತು ಮುಖ ನೆನಪಾಗುತ್ತಿರಲಿಲ್ಲ.

ಚಿತ್ರ ಶುರುವಾಯಿತು. ಮಸುಕು ಬೆಳಕಿನಲ್ಲಿ ರಾಣಿ ನಡೆದು ಬಂದಳು. ಹಿಂದೆ ದೀಪ ಹಿಡಿದ ಇಬ್ಬರು ಹುಡುಗಿಯರು. ಕಿರಿಯವಳು ತಲೆ ಬಗ್ಗಿಸಿದ್ದಳು. ಹಿರಿಯವಳು ಮುಖ ಎತ್ತಿದಳು.

"ಅಜ್ಜಿ, ಪಾಜ್ ಮಾಡ್ಲಾ?"

"ಬೇಡ ಕಣಮ್ಮ. ನಡೀಲಿ ಅವಳು."

ಕಿಟಕಿಯಾಚೆ ಹೆದ್ದಾರಿಯ ಕಾರುಗಳ ಬೆಳಕು ಸಾಲಾಗಿ ಹರಿಯುತ್ತಿತ್ತು. ಅದೂ ರಾಣಿಯ ಮೆರವಣಿಗೆಯೇ ಎನಿಸಿತು. ಕೊನೆಗೆ ಕೋಟೆ ಬಿತ್ತು, ಅಂತಃಪುರಕ್ಕೆ ಬೆಂಕಿ ಬಿತ್ತು. ನಾಗಕ್ಕ ಹೊಗೆಯೊಳಗೆ ಕರಗಿಹೋದಳು.

"ಸೋ, ಎಲ್ಲಾರೂ ಸತ್ತೋದ್ರಾ?" ಖುಷಿ ಕೇಳಿದಳು. ಸರಸ್ವತಮ್ಮ ಮಗಳ ಕಡೆ ತಿರುಗಿ, ತಾವೊಂದು ನಿಜವಾದ ಕೋಟೆ ನೋಡಬೇಕು ಎಂದರು.

ಶುಕ್ರವಾರ ಎಲ್ಲರೂ ಹಳೆಯ ಕೋಟೆಯ ಊರು ನಿಜ್ವಾಕ್ಕೆ ಹೋದರು. ಸಿನಿಮಾದ ಕೋಟೆ ಗೋಣಿತಟ್ಟಿನ ಮೇಲೆ ಗಾರೆ ಮೆತ್ತಿದ್ದು. ಇಲ್ಲಿಯದು ನಿಜದ ಗೋಡೆ. ಅಂಗೈ ಇಟ್ಟರೆ ಮಲಗಿರುವ ಹಸುವಿನ ಮೈಯಂತೆ ಬೆಚ್ಚಗಿತ್ತು. ಮೆಟ್ಟಿಲ ತಿರುವಿನಲ್ಲಿ ಕಾಲ್ಗೆಜ್ಜೆ ಕೇಳಿಸಿದಂತಾಗಿ ಅವರು ನಿಂತುಬಿಟ್ಟರು. ಪ್ರವಾಸಿಗಳು ಇಳಿದು ಬಂದರು, ಹೋದರು.

"ಅಮ್ಮ, ಬಿಸಿಲು. ಬಾ" ಎಂದಳು ವಿನೋದಾ.

"ಸ್ವಲ್ಪ ಇರೇ. ನಾಗಕ್ಕ ಬರ್ತಾಳೇನೋ ಅಂತ."

ವಿನೋದಾ ತಾಯಿಯ ಕೈ ಹಿಡಿದು ಪಕ್ಕದಲ್ಲೇ ನಿಂತಳು.

ಆಮೇಲೆ ಖರ್ಜೂರದ ಮರಗಳ ನೆರಳಲ್ಲಿ ಕೂತಾಗ ಸರಸ್ವತಮ್ಮ ತಾವಾಗಿಯೇ ಬಾಯಿಬಿಟ್ಟರು. "ಖುಷಿ, ಸಿನಿಮಾದಲ್ಲಿ ಹಾಗೆ ಮಾಡಿದ್ರು. ಕಾದಂಬರೀಲಿ ಬೇರೆ. ತಾನು ಜ್ವರದಲ್ಲಿ ಮಲಗಿದ್ದಾಗ ನಾಗಕ್ಕನೇ ನಂಗೆ ಓದಿ ಹೇಳಿದ್ದು. ಆ ಇಬ್ಬರು ದಾಸೀರು ರಾಣಿ ಮಗೂನ ಸೆರಗಲ್ಲಿ ಸುತ್ಕೊಂಡು ಹರಿಗೋಲು ಹತ್ತಿ ಹೊಳೆ ದಾಟ್ತಾರೆ."

"ಆಮೇಲೆ?"

ಕಾದಂಬರಿ ಮುಗಿಯುತ್ತಿದ್ದದ್ದು ಆ ಹೊಳೆಯಲ್ಲೇ. ಸರಸ್ವತಮ್ಮ ಮೊಮ್ಮಗಳ ಕೂದಲು ನೇವರಿಸುತ್ತ ಮುಂದುವರಿಸಿದರು.

"ಆಮೇಲೆ ಆಚೆ ದಡದ ಊರಲ್ಲಿ ಮನೆ ಮಾಡಿದ್ರು. ಮಗೂನ ಸಾಕಿದ್ರು. ಇಬ್ಬರೂ ಜೊತೇಲೇ ಮುದುಕೀರಾದ್ರು."