ಹಿರಿಯ ಮಹಿಳೆಯರ ವಿಭಾಗ

ಶಿರಸಿಯ ಪ್ರೌಢಶಾಲೆಯೊಂದರಲ್ಲಿ ದಿನಕರ ಹೆಗಡೆ ದೈಹಿಕ ಶಿಕ್ಷಣದ ಮಾಸ್ತರ. ಶಾಲೆ ಬಿಟ್ಟ ಮೇಲೆ ಪೇಟೆಯ ಒಂದು ಕಲ್ಯಾಣ ಮಂಟಪದಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಿದ್ದ. ಓಟದ ಸ್ಕೇಟಿಂಗ್ ಅಲ್ಲ, ಕಾಲಿಗೆ ಗಾಲಿ ಕಟ್ಟಿಕೊಂಡು ಸಂಗೀತಕ್ಕೆ ತಕ್ಕಂತೆ ತಿರುಗುತ್ತ, ಜಿಗಿಯುತ್ತ ಮಾಡುವ ನೃತ್ಯದಂಥದ್ದು. ಮದುವೆ ಮುಹೂರ್ತ ಇಲ್ಲದ ದಿನ ಮಾತ್ರ ಆ ಗ್ರಾನೈಟ್ ನೆಲ ಅವರಿಗೆ ಸಿಗುತ್ತಿತ್ತು. ಮದುವೆಯ ಮಾರನೆಯ ದಿನ ಮಕ್ಕಳೆಲ್ಲ ಬಗ್ಗಿ ಅಕ್ಷತೆಯ ಕಾಳುಗಳನ್ನು ಒಂದೂ ಬಿಡದೆ ಗುಡಿಸಬೇಕು. ಗಾಲಿಯಡಿ ಒಂದು ಅಕ್ಕಿ ಸಿಕ್ಕರೂ ಹಲ್ಲು ಹೋಗುತ್ತದೆ ಎಂದು ದಿನಕರ ಹೆದರಿಸುತ್ತಿದ್ದ.

ಅವನ ಮೊದಲ ಶಿಷ್ಯೆ ಸಮೃದ್ಧಿ ನಾಯ್ಕ. ಸಿದ್ದಾಪುರ ತಾಲೂಕಿನ ನಿಲ್ಕುಂದದ ಬೇಸಾಯಗಾರರ ಮಗಳು, ಶಿರಸಿಯ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಹದಿಮೂರನೆಯ ವಯಸ್ಸಿಗೇ ರಾಜ್ಯಕ್ಕೆ ಮೊದಲಿಗಳಾಗಿದ್ದಳು. ಹದಿನಾರಕ್ಕೆ ಮೈ ತುಂಬಿಕೊಂಡಿತು, ಮುಂಚಿನ ಜಿಗಿತಗಳು ಕೈಕೊಟ್ಟವು. ಆದರೂ ಬಿಡಲಿಲ್ಲ. ಜಿಗಿತ ಕಡಿಮೆಯಾದಷ್ಟೂ ಅವಳ ತಿರುವು, ಕೈಯ ಚಲನೆ ಚೆಂದವಾಗುತ್ತ ಹೋದವು. ಈಗ ಇಪ್ಪತ್ತೊಂದು ವಯಸ್ಸು. ಪದವಿ ಮುಗಿಸಿ ಊರಿಗೆ ಮರಳಿದ್ದಳು, ವಾರಕ್ಕೆ ಮೂರು ದಿನ ಬಸ್ಸು ಹಿಡಿದು ಶಿರಸಿಗೆ ಬಂದು ಅಭ್ಯಾಸ ಮಾಡುತ್ತಿದ್ದಳು.

ಅಷ್ಟರಲ್ಲಿ ದಿನಕರನ ಕಣ್ಣು ಬೇರೆ ಕಡೆ ಹೋಗಿತ್ತು. ಅವನ ಒಬ್ಬಳೇ ಮಗಳು ಅಭಿಜ್ಞಾಗೆ ಆಗ ಹದಿಮೂರು. ಕಡ್ಡಿಯಂಥ ಮೈ. ಗಾಳಿಯಲ್ಲಿ ಮೂರು ಸುತ್ತು ತಿರುಗಿ ಒಂದೇ ಕಾಲ ಮೇಲೆ ಇಳಿಯುತ್ತಿದ್ದಳು. ಹಿರಿಯ ಮಹಿಳೆಯರ ವಿಭಾಗದಲ್ಲೂ ಅದನ್ನು ಮಾಡುವವರು ಆ ಹೊತ್ತಿಗೆ ಯಾರೂ ಇರಲಿಲ್ಲ. ಹದಿಮೂರು ತುಂಬಿದವರು ಆ ವಿಭಾಗಕ್ಕೆ ಸೇರಬಹುದಿತ್ತು. ಆದರೆ ಮುಂದಿನ ವರ್ಷದಿಂದ ಹದಿನೇಳು ತುಂಬಿರಬೇಕು ಎಂದು ಸ್ಕೇಟಿಂಗ್ ಸಂಘದವರು ತೀರ್ಮಾನಿಸಿ ಪತ್ರ ಕಳಿಸಿದ್ದರು. ಈ ವರ್ಷದ ರಾಷ್ಟ್ರಮಟ್ಟದ ಸ್ಪರ್ಧೆ ಪುಣೆಯಲ್ಲಿತ್ತು. ದಿನಕರ ಆ ಪತ್ರವನ್ನು ಎರಡು ಸಲ ಓದಿದ. ಹದಿನೇಳರ ಹೊತ್ತಿಗೆ ಮಗಳ ಜಿಗಿತ ಉಳಿದಿರುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಸಮೃದ್ಧಿಯನ್ನು ನೋಡಿದ್ದನಲ್ಲ.

ಅಂದಿನಿಂದ ಸೋಮವಾರಕ್ಕೊಮ್ಮೆ ಮಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸತೊಡಗಿದ. ಬೈಯುತ್ತಿರಲಿಲ್ಲ. ತೂಕ ಹೆಚ್ಚಾಗಿಲ್ಲದಿದ್ದರೆ ತಲೆ ಸವರುತ್ತಿದ್ದ, ಅಷ್ಟೇ. ಒಮ್ಮೆ ಗೆಳೆಯನೊಬ್ಬನೊಡನೆ ಫೋನಿನಲ್ಲಿ ಮಾತಾಡುತ್ತ, ಈ ಮೈ ಇನ್ನೊಂದು ವರ್ಷ ಹೀಗೇ ಇದ್ದರೆ ಸಾಕು, ದೊಡ್ಡವಳಾದರೆ ಎಲ್ಲ ಮುಗಿಯಿತು ಎಂದ. ಪಕ್ಕದ ಕೋಣೆಯಲ್ಲಿ ಅಭಿಜ್ಞಾ ಲೆಕ್ಕ ಬಿಡಿಸುತ್ತಿದ್ದಳು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ಅವನು ಯೋಚಿಸಲಿಲ್ಲ.

ಹೆಂಡತಿ ಸೌಮ್ಯ ಅಂಚೆ ಕಚೇರಿಯಲ್ಲಿ ಕೆಲಸ ಮಾಡುತ್ತಿದ್ದಳು. ಮಗಳು ಶಾಲೆಗೆ ಒಯ್ದ ಡಬ್ಬಿ ಹಾಗೇ ವಾಪಸು ಬರುತ್ತಿರುವುದನ್ನು ಅವಳೇ ಮೊದಲು ಕಂಡಳು. ಕೇಳಿದರೆ ಗೆಳತಿಯರ ಡಬ್ಬಿಯಲ್ಲೇ ಊಟ ಮಾಡಿದೆ ಎನ್ನುತ್ತಿದ್ದಳು. ಒಂದು ಬೆಳಿಗ್ಗೆ ಸೌಮ್ಯ ಗಂಡನ ಮುಂದೆ ಬಂದು ನಿಂತಳು.

"ಕೂಸು ಸಮಾ ಉಣ್ತಾನೇ ಇಲ್ಲೆ. ಈ ಸಲ ಕಳ್ಸದು ಬ್ಯಾಡ. ಅದರ ವಯಸ್ಸಿನವ್ರ ಜೊತಿಗೇ ಆಡ್ಲಿ."

"ಈ ವರ್ಷ ಬಿಟ್ರೆ ಮತ್ತೆ ಇಲ್ಲೆ, ಸೌಮ್ಯ," ಎಂದ ದಿನಕರ. "ಕೂಸಿಗೇ ಆಸೆ ಇದ್ದು. ಬೇಕಾರೆ ಕೇಳು."

ಸೌಮ್ಯ ಮಗಳನ್ನು ಕೇಳಿದಳು. ಅಭಿಜ್ಞಾ ಅಪ್ಪನ ಮುಖ ನೋಡಿ, ಹೋಗುತ್ತೇನೆ ಎಂದಳು. ಆಸೆ ಇದ್ದದ್ದೂ ಸುಳ್ಳಲ್ಲ. ಗಾಳಿಯಲ್ಲಿ ತಿರುಗುವಾಗ ಅವಳ ಮುಖ ಎಷ್ಟು ಬೆಳಗುತ್ತದೆಂಬುದು ಸೌಮ್ಯಳಿಗೂ ಗೊತ್ತಿತ್ತು. ಹಾಗಾಗಿ ಸುಮ್ಮನಾದಳು. ಆ ಸುಮ್ಮನಿದ್ದದ್ದಕ್ಕೆ ತನ್ನನ್ನು ತಾನು ಅವಳು ಇವತ್ತಿಗೂ ಕ್ಷಮಿಸಿಕೊಂಡಿಲ್ಲ.

ಸ್ಪರ್ಧೆಗೆ ಮೂರು ವಾರ ಇರುವಾಗ, ಅಭ್ಯಾಸ ಮುಗಿದ ಮೇಲೆ ಸಮೃದ್ಧಿ ದಿನಕರನನ್ನು ಮಂಟಪದ ಅಡುಗೆಮನೆಯ ಕಡೆ ಕರೆದಳು.

"ಸರ್, ಅಭಿಗೆ ಸೊಂಟ ನೋವಿದೆ. ಬಾತ್‌ರೂಮಿನಲ್ಲಿ ಮಾತ್ರೆ ನುಂಗ್ತಾಳೆ, ನಾನೇ ನೋಡಿದೆ. ಅಜ್ಜಿಯ ಕಾಲುನೋವಿನ ಮಾತ್ರೆಯಂತೆ. ನಿಮಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಾಳೆ. ಈ ಸಲ ಬಿಟ್ಬಿಡಿ ಸರ್."

ದಿನಕರ ಅವಳನ್ನೇ ನೋಡಿದ. ಪುಣೆಯ ಸ್ಪರ್ಧೆಗೆ ಅವಳೂ ಹೊರಟಿದ್ದಳು, ಅದೇ ವಿಭಾಗಕ್ಕೆ.

"ಅಭಿ ಬರದಿದ್ರೆ ಮೊದಲ ಸ್ಥಾನ ಯಾರಿಗೆ, ಸಮೃದ್ಧಿ?"

ಅವಳ ಮುಖ ಸಣ್ಣದಾಯಿತು. ಚೀಲ ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಹೋದಳು. ಮನೆಗೆ ಹೋದ ಮೇಲೆ ದಿನಕರ ಮಗಳನ್ನು ಕೇಳದೆ ಇರಲಿಲ್ಲ. ಅಭಿಜ್ಞಾ ನಕ್ಕು, ಎಂತದೂ ಇಲ್ಲೆ ಅಪ್ಪಯ್ಯ ಎಂದಳು. ಬಗ್ಗಿ ಅಂಗೈಯನ್ನು ನೆಲಕ್ಕೆ ಮುಟ್ಟಿಸಿಯೂ ತೋರಿಸಿದಳು. ನಂಬುವುದು ಅವನಿಗೆ ಸುಲಭವಾಗಿತ್ತು.

ಪುಣೆಯಲ್ಲಿ ಅಭಿಜ್ಞಾ ಗೆದ್ದಳು. ಎರಡು ಪಟ್ಟು ವಯಸ್ಸಿನವರ ನಡುವೆ, ನೀಲಿ ಉಡುಪಿನಲ್ಲಿ, ಮೂರು ಸುತ್ತಿನ ಜಿಗಿತವನ್ನು ಎರಡು ಸಲ ಮಾಡಿದಳು. ಎರಡನೆಯ ಸಲ ಇಳಿದಾಗ ಒಂದು ಕ್ಷಣ ತುಟಿ ಕಚ್ಚಿದ್ದನ್ನು ದಿನಕರ ಕಂಡ. ಆಮೇಲೆ ಸಭಾಂಗಣವಿಡೀ ಚಪ್ಪಾಳೆ ತಟ್ಟಿತು, ಅವನು ಅದನ್ನು ಮರೆತ. ಸಂಗೀತ ನಿಂತಿತು. ಅವಳು ಬಗ್ಗಿ ನಮಸ್ಕರಿಸಿದಳು.

ಬಗ್ಗಿದವಳು ಏಳಲಿಲ್ಲ.

ಮೊದಲು ಜನ ಅದನ್ನೂ ಪ್ರದರ್ಶನದ ಭಾಗವೆಂದುಕೊಂಡು ಇನ್ನಷ್ಟು ಚಪ್ಪಾಳೆ ಹೊಡೆದರು. ತನ್ನ ಸರದಿ ಮುಗಿಸಿ ಅಂಚಿನಲ್ಲಿ ಕುಳಿತಿದ್ದ ಸಮೃದ್ಧಿ ಎಲ್ಲರಿಗಿಂತ ಮೊದಲು ಅವಳ ಬಳಿ ತಲುಪಿದಳು. ಎರಡೂ ತೋಳುಗಳಲ್ಲಿ ಮಗುವಿನ ಹಾಗೆ ಎತ್ತಿಕೊಂಡು ಮೆಲ್ಲಗೆ ಗಾಲಿ ಜಾರಿಸುತ್ತ ಹೊರಗೆ ತಂದಳು. ಅಭಿಜ್ಞಾ ಅವಳ ಕುತ್ತಿಗೆಗೆ ಮುಖ ಒತ್ತಿಕೊಂಡಿದ್ದಳು. ಪದಕ ಕೊಡುವಾಗ ಮೇಲಿನ ಮೆಟ್ಟಿಲು ಖಾಲಿ ಇತ್ತು. ಎರಡನೆಯ ಸ್ಥಾನದ ಸಮೃದ್ಧಿಯೂ ಅಲ್ಲಿರಲಿಲ್ಲ. ಆಂಬುಲೆನ್ಸಿನಲ್ಲಿ ಅಭಿಜ್ಞಾಳ ಕೈ ಹಿಡಿದು ಕೂತಿದ್ದಳು.

ಮುಂದಿನ ಚಿಕಿತ್ಸೆ ಹುಬ್ಬಳ್ಳಿಯಲ್ಲಿ ನಡೆಯಿತು. ಬೆನ್ನಿನ ಕೆಳಭಾಗದ ಮೂಳೆ ಎರಡೂ ಬದಿಗೆ ಬಿರಿದು ಮುಂದಕ್ಕೆ ಸರಿದಿದೆ, ಬಿರುಕು ಹೊಸದಲ್ಲ, ಐದಾರು ತಿಂಗಳು ಹಳೆಯದು ಎಂದರು ಡಾಕ್ಟರು. ಸರಿಯಾಗಿ ಊಟವಿಲ್ಲದೆ ಮೂಳೆ ಸೊರಗಿತ್ತು. ಹುಡುಗಿ ಇಷ್ಟು ದಿನ ಹೇಗೆ ಜಿಗಿದಳು ಎಂದು ಅವರು ಕೇಳಿದಾಗ ದಿನಕರ ತಲೆ ತಗ್ಗಿಸಿದ. ಶಸ್ತ್ರಚಿಕಿತ್ಸೆ ಮಾಡಿ ಲೋಹದ ಸಲಾಕೆ ಕೂರಿಸಬೇಕಾಯಿತು. ನಡೆಯುತ್ತಾಳೆ, ಶಾಲೆಗೆ ಹೋಗುತ್ತಾಳೆ, ಇನ್ನು ಜಿಗಿಯುವಂತಿಲ್ಲ ಎಂದರು.

ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ದಿನ ಸೌಮ್ಯ ಗಂಜಿ ತರಲು ಹೋಗಿದ್ದಳು. ಅಪ್ಪ ಮಗಳು ಇಬ್ಬರೇ. ಅಭಿಜ್ಞಾ ಬಹಳ ಹೊತ್ತು ಚಾವಣಿ ನೋಡುತ್ತಿದ್ದು, ಅಂಗಡಿಗೆ ಹೋಗಲು ಒಪ್ಪಿಗೆ ಕೇಳುವವಳ ಹಾಗೆ ಕೇಳಿದಳು.

"ಅಪ್ಪಯ್ಯ, ಇನ್ನು ಆನು ದೊಡ್ಡಾಗ್ಲಕ್ಕಾ?"

ದಿನಕರ ಅವಳ ಕಾಲ ಬಳಿ ಹಾಸಿಗೆಯ ಅಂಚಿಗೆ ಹಣೆ ಹಚ್ಚಿ ಕುಳಿತುಬಿಟ್ಟ. ಗಂಜಿಯ ಪಾತ್ರೆ ಹಿಡಿದು ಬಂದ ಸೌಮ್ಯ ಬಾಗಿಲಲ್ಲೇ ನಿಂತಳು.

ಊರಿಗೆ ಬಂದ ಮೇಲೆ ಅವನು ಸ್ಕೇಟಿಂಗ್ ತರಗತಿ ನಿಲ್ಲಿಸಿದ. ಯಲ್ಲಾಪುರದ ಒಬ್ಬರು ಒಂಬತ್ತು ವರ್ಷದ ಮಗಳನ್ನು ಕರೆತಂದು, ನಿಮ್ಮ ಮಗಳ ಹಾಗೆ ಮಾಡಿಕೊಡಿ ಎಂದರು. ಅವರಿಗೆ ಚಹಾ ಕೊಟ್ಟು ಕಳಿಸಿದ. ಅಭಿಜ್ಞಾ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗತೊಡಗಿದಳು. ಮನೆಯಲ್ಲಿ ಕೇಳಿದ್ದಕ್ಕಷ್ಟೇ ಉತ್ತರ. ಅಪ್ಪ ಎದುರಿಗಿದ್ದರೆ ಬಡಿಸಿದ್ದನ್ನು ಅರ್ಧಕ್ಕೇ ಬಿಡುತ್ತಿದ್ದಳು. ಅದನ್ನು ಗಮನಿಸಿದ ದಿನಕರ, ಅವಳು ಉಂಡೆದ್ದ ಮೇಲೆ ಊಟಕ್ಕೆ ಕೂರುವ ರೂಢಿ ಮಾಡಿಕೊಂಡ.

ಐದು ತಿಂಗಳ ಮೇಲೆ ಒಂದು ಶನಿವಾರ ಅವನು ನಿಲ್ಕುಂದಕ್ಕೆ ಹೋದ. ಸಮೃದ್ಧಿ ಕೊಟ್ಟಿಗೆಯ ಪಕ್ಕ ಹುಲ್ಲಿನ ಹೊರೆ ಇಳಿಸುತ್ತಿದ್ದಳು. ಕೈ ತೊಳೆದು ಬಂದು ಕುರ್ಚಿ ಹಾಕಿದಳು. ಅವನು ಕೂರದೆ, ಅಂದು ಅಡುಗೆಮನೆಯಲ್ಲಿ ಆಡಿದ ಮಾತು ತಪ್ಪು, ನಿನ್ನ ಮಾತು ಕೇಳಬೇಕಿತ್ತು ಎಂದ.

"ಅದು ಇರಲಿ ಸರ್. ನನಗೆ ಹದಿನಾರಾದಾಗ ನೀವು ನನ್ನ ಹತ್ರ ಮಾತೇ ಬಿಟ್ರಿ. ಇಡೀ ಒಂದು ಮಳೆಗಾಲ. ನಾ ಏನು ತಪ್ಪು ಮಾಡಿದೆ ಅಂತ ಹಾಸ್ಟೆಲಿನಲ್ಲಿ ದಿನಾ ಅಳ್ತಿದ್ದೆ. ನೆನಪಿದೆಯಾ ನಿಮಗೆ?"

ದಿನಕರ ನೆನಪು ಮಾಡಿಕೊಳ್ಳಲು ನೋಡಿದ. ಇರಲಿಲ್ಲ. ಆ ವರ್ಷ ಎಂಟು ವರ್ಷದ ಮಗಳಿಗೆ ಮೊದಲ ಜಿಗಿತ ಕಲಿಸಿದ್ದಷ್ಟೇ ನೆನಪಿಗೆ ಬಂತು. ಇಲ್ಲ ಎಂದು ನಿಜವನ್ನೇ ಹೇಳಿದ. ಅವಳು ತಲೆಯಾಡಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ಅಭಿಯನ್ನು ನೋಡಲು ನಾಳೆ ಬರುತ್ತೇನೆ ಎಂದಷ್ಟೇ ಹೇಳಿದಳು.

ಮಾರನೆಯ ದಿನ ಬೆಳಿಗ್ಗೆ ಹತ್ತರ ಬಸ್ಸಿಗೆ ಬಂದಳು. ಅಭಿಜ್ಞಾಳ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ದಿನಕರ ಅಂಗಳದಲ್ಲಿ ಬಟ್ಟೆ ಒಣಗಿಸುತ್ತಿದ್ದ. ಮೊದಲು ಒಳಗಿನಿಂದ ಅಳು ಕೇಳಿಸಿತು, ತುಂಬ ಹೊತ್ತಿನ ಅಳು. ಆಮೇಲೆ ಮಾತು. ಆಮೇಲೆ, ಎಷ್ಟೋ ತಿಂಗಳುಗಳ ನಂತರ, ಮಗಳು ನಕ್ಕದ್ದು ಕೇಳಿಸಿತು. ಅವನು ಒದ್ದೆ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಬಾಗಿಲವರೆಗೆ ಹೋದ. ಒಳಗೆ ಕಾಲಿಟ್ಟರೆ ಆ ನಗು ನಿಲ್ಲುತ್ತದೆ ಎಂದು ಅವನಿಗೆ ಗೊತ್ತಾಯಿತು. ಹೊರಗೇ ನಿಂತ.