ಮೂರನೆಯ ತಂಬಿಗೆ

ವಾಲ್ವಿನ ಹಿಡಿ ತಾನು ತಿರುವಿಟ್ಟ ಕಡೆಯೇ ನಿಂತಿತ್ತು. ಗುರುಬಸವರಾಜ ಅದನ್ನು ನೋಡುತ್ತ ಮಾಳಿಗೆಯ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ಕೆಂಪು ಗುರುತಿನ ಕೊನೆಯ ತುದಿ. ಅದರಾಚೆ ತಿರುಗಲು ಜಾಗವಿರಲಿಲ್ಲ. ಅವನ ಬೆನ್ನ ಹಿಂದೆ ಅಲಮಾರದಷ್ಟು ಎತ್ತರದ ಬಿಳಿ ಯಂತ್ರ ಸಣ್ಣಗೆ ಗುಂಯ್‌ಗುಡುತ್ತ ನೀರು ಕಾಯಿಸುತ್ತಿತ್ತು.

ಕೆಳಗಿನಿಂದ ಜಂಬಣ್ಣನವರ ದನಿ ಕೇಳಿಸಿತು. "ಏನಾತೋ ಗುರುಬಸವ? ಎಲ್ಲಾರೂ ಕಾಯಾಕತ್ತಾರ."

"ಬಂದೆ ಕಾಕಾರ, ಇನ್ನೊಂದೀಟು ನೋಡದೈತಿ."

ನೋಡುವುದಕ್ಕೆ ಏನೂ ಉಳಿದಿರಲಿಲ್ಲ. ಗ್ಯಾಸು, ಕಂಪ್ರೆಸರು, ಅರ್ಥಿಂಗು ಎಲ್ಲ ಸರಿಯಿದ್ದವು. ಯಂತ್ರದಲ್ಲಿ ತಪ್ಪಿರಲಿಲ್ಲ.

ಕೊಟ್ಟೂರಿನ ಈ ಮನೆಗೆ ಹೀಟ್ ಪಂಪ್ ಕೂರಿಸಿದವನು ಅವನೇ. ಕಾಳುಕಡಿ ವ್ಯಾಪಾರದ ಜಂಬಣ್ಣನವರ ಮಗಳು ಸುಮಲತಾ ಚೊಚ್ಚಲ ಹೆರಿಗೆಗೆ ತವರಿಗೆ ಬರುವವಳಿದ್ದಳು. ಹಂಡೆಯ ಒಲೆಯ ಹೊಗೆ ಎಳೆಗೂಸಿಗೆ ಆಗದೆಂದು ಅವರು ಇದನ್ನು ತರಿಸಿದ್ದರು. ಟ್ಯಾಂಕು, ಕಂಪ್ರೆಸರು ಎರಡೂ ಒಂದೇ ಮೈಯೊಳಗಿರುವ ಬಗೆ. ಗಾಳಿಯ ಕಾವನ್ನು ಹೀರಿ ನೀರಿಗೆ ಕೊಡುತ್ತದೆ. ಹೊರಗೆ ಬರುವ ಪೈಪಿಗೆ ಒಂದು ವಾಲ್ವು. ಒಳಗಿನ ನೀರು ಎಷ್ಟೇ ಕಾದಿರಲಿ, ತಣ್ಣೀರು ಬೆರೆಸಿ ಮೈಗೆ ತಾಳುವಂತೆ ಮಾಡಿ ಕೆಳಗೆ ಬಿಡುವುದು ಅದರ ಕೆಲಸ.

ಯಂತ್ರ ಕೂರಿಸಿದ ದಿನ ಮುದುಕಿ ಭರಮಮ್ಮ ಅಂಗಳದಲ್ಲಿ ನಿಂತು ನೋಡಿ ನಕ್ಕಿದ್ದಳು.

"ಏನಪಾ ಗುರುಬಸವ, ಅಲಮಾರದಾಗ ನೀರು ಕಾಸ್ತೀಯಂತ? ಉರಿ ಇಲ್ಲ, ಹೊಗಿ ಇಲ್ಲ. ನೀರಿಗೆ ಸಿಟ್ಟರ ಹೆಂಗ ಬರ್ತತಿ?"

"ಗಾಳಿಗೇ ಕಾಯ್ತತಿ ಯಮ್ಮಾ."

"ಹಂಗಾದ್ರ ನನ್ನ ಗಂಡನ್ನೂ ಅದರ ಮುಂದ ಕುಂದ್ರಸು. ಇದ್ದಾಗ ಒಂದಿನಾನೂ ಬಿಸಿ ಆಗಲಿಲ್ಲ ಅಂವ, ಈಗ ಫೋಟೋದಾಗರ ಆಗ್ಲಿ!"

ಕುರಿ ಸಾಕುವ ಮನೆತನದ ಆ ಮುದುಕಿಗೆ ಎಪ್ಪತ್ತು ದಾಟಿತ್ತು. ಬಾಣಂತಿಯರಿಗೂ ಕೂಸುಗಳಿಗೂ ನೀರು ಹಾಕುವುದು ಅವಳ ಕೆಲಸ. ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಎರಡೂ ಕಾಲು ನೀಡಿ, ಮೊಣಕಾಲ ಕೆಳಗಿನ ಮುಂಗಾಲುಗಳ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ಎಣ್ಣೆ ತಿಕ್ಕಿ ನೀರೆರೆದರೆ, ಎಂಥ ಹಟಮಾರಿ ಕೂಸೂ ಅಲ್ಲಿಯೇ ನಿದ್ದೆ ಹೋಗುತ್ತಿತ್ತು. ಗುರುಬಸವರಾಜ ಕೂಡ ಆ ಕಾಲುಗಳ ಮೇಲೆ ಮಲಗಿ ಬೆಳೆದವನು.

ಹೆರಿಗೆಯಾಗಿ ಹದಿನಾಲ್ಕನೆಯ ದಿನ ಜಂಬಣ್ಣನವರ ಹೆಂಡತಿ ನೀಲಗಂಗಮ್ಮ ಅವನಿಗೆ ಫೋನು ಮಾಡಿದ್ದರು. "ನಿನ್ನ ಮಿಷನ್ ನೀರಾಗ ಬಾಣಂತಿ ಬೆನ್ನು ಕಾಯವಲ್ದು. ಮೈಮ್ಯಾಲ ಬಿದ್ರ ಹಬಿ ಏಳಬೇಕು, ಅಂಥಾ ನೀರು ಬೇಕು. ಇಲ್ಲಾಂದ್ರ ನಾಳಿಂದ ಹಂಡೇನ ಹೂಡ್ತೀನಿ. ಯಾಕ ಹೂಡೀರಿ ಅಂತ ಕೇಳಿದವರಿಗೆಲ್ಲಾ ನಿನ್ನ ಹೆಸರು ಹೇಳ್ತೀನಿ ನೋಡು."

ಅವನು ಅಂದೇ ಸಂಜೆ ಬಂದು ವಾಲ್ವನ್ನು ಕೊನೆಯವರೆಗೆ ತಿರುವಿದ. ನೀರು ಇನ್ನಷ್ಟು ಕಾಯಲೆಂದು ಟ್ಯಾಂಕಿನೊಳಗಿನ ಕರೆಂಟಿನ ಕಾಯಿಲ್ಲನ್ನೂ ಹಾಕಿಟ್ಟ. ಹೋಗುವಾಗ ಅಡುಗೆಮನೆಯ ಬಾಗಿಲಲ್ಲಿ ಚಹ ಕುಡಿಯುತ್ತ ನೀಲಗಂಗಮ್ಮನಿಗೆ ಹೇಳಿದ: "ಚಿಗವ್ವಾರ, ಮೊದಲ ಬರೋದು ಪೈಪಿನಾಗ ನಿಂತು ಆರಿದ ನೀರು. ಅದು ಮುಗಿದಮ್ಯಾಲ ಸುಡೋ ನೀರು ಬರ್ತತಿ. ಬಕೆಟ್ಟಿಗೆ ಹಿಡಿದು, ತಣ್ಣೀರು ಬೆರಸ್ರಿ."

"ಆತು ಬಿಡೋ. ನೀರು ಹಾಕೋದನ್ನ ನಿನ್ನ ಕಡಿಂದ ಕಲೀಬೇಕೇನು?"

ಭರಮಮ್ಮ ಆಗ ಅಂಗಳದಲ್ಲೇ ಕೂಸಿನ ಬಟ್ಟೆ ಮಡಚುತ್ತಿದ್ದಳು. ಅವಳ ಪಕ್ಕದಲ್ಲೇ ಅವನು ಚಪ್ಪಲಿ ಮೆಟ್ಟಿ ಹೊರಟ. ಮನೆಯ ಮಾತನ್ನು ಮನೆಯ ಯಜಮಾನಿಗೆ ಹೇಳಿದ್ದಾಗಿತ್ತು. ನೀರೆರೆಯುವ ಕೈಗೆ ಬೇರೆಯಾಗಿ ಹೇಳಬೇಕೆಂದು ಅವನಿಗೆ ತೋಚಲಿಲ್ಲ.

ಮರುದಿನ ಮುಂಜಾನೆ ಭರಮಮ್ಮ ನಲ್ಲಿ ಬಿಟ್ಟು ಕೆಳಗೆ ಮೊಣಕೈ ಹಿಡಿದಳು. ಹದವಾಗಿತ್ತು. ಹಂಡೆಯ ನೀರನ್ನು ಒಮ್ಮೆ ನೋಡಿದರೆ ತೀರಿತು. ಮೊದಲ ತಂಬಿಗೆಗೂ ಕೊನೆಯ ತಂಬಿಗೆಗೂ ಅದು ಒಂದೇ ನೀರು. ಐವತ್ತು ವರ್ಷದ ಆ ರೂಢಿಯಲ್ಲೇ ಅವಳು ಒಂದು ತಂಬಿಗೆ ಹಿಡಿದು ಎರೆದಳು. ಎರಡನೆಯದು ಎರೆದಳು. ಮೂರನೆಯ ತಂಬಿಗೆಯ ಹೊತ್ತಿಗೆ ಪೈಪಿನಲ್ಲಿ ಆರಿದ ನೀರು ಮುಗಿದಿತ್ತು.

ಕೂಸನ್ನು ಬಳ್ಳಾರಿಯ ಆಸ್ಪತ್ರೆಗೆ ಒಯ್ದರು. ಮೂರು ದಿನ ಇತ್ತು. ಜೀವ ಹೋಗಿ ಇಂದಿಗೆ ಐದು ದಿನ.

ಈ ಐದು ದಿನ ಮುಂಜಾನೆ ಪೂಜೆಗೆ ಕುಳಿತರೆ ಗುರುಬಸವರಾಜನಿಗೆ ಅಂಗೈಯ ಲಿಂಗದ ಮೇಲೆ ಕಣ್ಣು ನಿಲ್ಲುತ್ತಿರಲಿಲ್ಲ. ಯಾರಾದರೂ ಕರೆದು ಕೇಳಲಿ ಎಂದು ಒಮ್ಮೆ, ಯಾರೂ ಕರೆಯದಿರಲಿ ಎಂದು ಇನ್ನೊಮ್ಮೆ ಬೇಡಿಕೊಂಡಿದ್ದ. ಈಗ ಕರೆದಿದ್ದರು. ಅವನು ಮೆಟ್ಟಿಲ ಕಡೆಗೊಮ್ಮೆ ನೋಡಿದ. ಆಮೇಲೆ ವಾಲ್ವಿನ ಹಿಡಿಯನ್ನು ಹಿಡಿದು, ಮೊದಲು ಇದ್ದ ಗುರುತಿಗೆ ಮೆಲ್ಲಗೆ ತಿರುವಿದ. ಸದ್ದೂ ಆಗಲಿಲ್ಲ. ಕಾಯಿಲ್ಲಿನ ಸ್ವಿಚ್ಚನ್ನೂ ಆರಿಸಿ, ಕೈ ಒರೆಸಿಕೊಂಡು ಕೆಳಗಿಳಿದ.

ಪಡಸಾಲೆಯಲ್ಲಿ ಜಂಬಣ್ಣನವರು ಕಂಬಕ್ಕೆ ಒರಗಿದ್ದರು. ಹಣೆಯ ವಿಭೂತಿ ಬೆವರಿಗೆ ಕದಡಿತ್ತು. ಹರಪನಹಳ್ಳಿಯಿಂದ ಬಂದ ಅಳಿಯ ಪ್ರವೀಣಕುಮಾರ್ ಕುರ್ಚಿಯಿದ್ದರೂ ಕೂರದೆ ನಿಂತಿದ್ದ. ನೀಲಗಂಗಮ್ಮ ಮಗಳು ಮಲಗಿದ್ದ ಕೋಣೆಯ ಬಾಗಿಲಲ್ಲಿ ಕುಳಿತಿದ್ದರು. ಹೊಸ್ತಿಲ ಹತ್ತಿರ, ಗೋಡೆಗೆ ಬೆನ್ನು ಕೊಟ್ಟು, ಸೀರೆಯನ್ನು ಪಾದದವರೆಗೆ ಎಳೆದುಕೊಂಡು ಭರಮಮ್ಮ ಕುಳಿತಿದ್ದಳು.

"ಮಾವಾರ, ಸುತ್ತಿ ಬಳಸಿ ಮಾತು ಬ್ಯಾಡ," ಎಂದ ಪ್ರವೀಣಕುಮಾರ್. "ಮಿಷನ್ ಕೆಟ್ಟಿದ್ರ ಕಂಪನಿ ಮ್ಯಾಲ ಕೇಸು. ಇಲ್ಲಾಂದ್ರ ಈ ಮುದುಕಿ ಮ್ಯಾಲ. ಇವತ್ತು ಅದೊಂದು ತಿಳೀಬೇಕು ನನಗ."

"ಎಪ್ಪತ್ತು ದಾಟಿದ ಕೈ," ಎಂದರು ನೀಲಗಂಗಮ್ಮ, ನೆಲ ನೋಡುತ್ತ. "ಬಿಸಿ ಯಾವ್ದು ತಣ್ಣಗ ಯಾವ್ದು ಏನು ತಿಳೀತತಿ? ಚರ್ಮ ಸತ್ತು ಎಷ್ಟು ವರ್ಷ ಆತೋ."

"ಮೊಣಕೈ ಹಿಡಿದು ನೋಡಿದ್ನಿ ಯವ್ವಾ," ಎಂದಳು ಭರಮಮ್ಮ. "ಹದ ಇತ್ತು. ಎರಡು ತಂಬಿಗಿ ಹದ ಇತ್ತು."

"ಮೂರನೇದು?" ಪ್ರವೀಣಕುಮಾರನ ದನಿ ಒಡೆಯಿತು.

ಭರಮಮ್ಮ ಸೀರೆಯನ್ನು ಪಾದದ ಮೇಲೆ ಇನ್ನಷ್ಟು ಎಳೆದುಕೊಂಡಳು.

ಜಂಬಣ್ಣನವರು ಗುರುಬಸವರಾಜನ ಕಡೆ ತಿರುಗಿದರು. "ನಿನ್ನ ಕೊರಳಾಗ ಲಿಂಗ ಐತಿ. ಮುಟ್ಟಿ ಹೇಳಪಾ. ಮಿಷನ್ ಸರಿ ಐತೋ ಇಲ್ಲೋ?"

ಅಂಗಿಯೊಳಗೆ ಕೈ ಹಾಕಿ ಅವನು ಲಿಂಗದ ಕರಡಿಗೆಯನ್ನು ಹಿಡಿದ. ಬೆಳ್ಳಿ ಮೈಗೆ ತಾಗಿ ಬೆಚ್ಚಗಿತ್ತು. ನೀಲಗಂಗಮ್ಮ ತಲೆಯೆತ್ತಿ ಅವನನ್ನು ನೋಡಿದರು. ಆ ನೋಟದಲ್ಲಿ ಬೇಡಿಕೆಯೂ ಇತ್ತು, ಹೆದರಿಕೆಯೂ ಇತ್ತು.

"ಮಿಷನ್ ಸರಿ ಐತ್ರಿ," ಎಂದ.

ಹೇಳಿದ ಮಾತು ನಿಜವೇ. ಆದರೂ ಕರಡಿಗೆಯನ್ನು ಬಿಟ್ಟು ಕೈಯನ್ನು ಅಂಗಿಗೆ ಒರೆಸಿಕೊಂಡ.

ಭರಮಮ್ಮ ತನ್ನ ಬಲಗೈಯನ್ನು ಮುಂದೆ ಚಾಚಿ, ಅಂಗೈಯನ್ನೂ ಹಿಂಗೈಯನ್ನೂ ತಿರುಗಿಸಿ ನೋಡಿಕೊಂಡಳು.

"ಅಂವ ಲಿಂಗ ಮುಟ್ಟಿ ಹೇಳ್ಯಾನ. ಹಂಗಾದ್ರ ನನ್ನ ಕೈಯ ಸತ್ತೈತಿ ಬಿಡ್ರಿ," ಎಂದಳು. "ಸ್ಟೇಷನ್ನಿಗೆ ಬಾ ಅಂದ್ರ ಬರ್ತೀನಿ ಅಳಿಯಪ್ಪಾ. ನಡಿ."

ಏಳಲು ಹೋದಳು. ಗೋಡೆ ಹಿಡಿದು ಅರ್ಧ ಎದ್ದವಳು ಹಲ್ಲು ಕಚ್ಚಿ ಮತ್ತೆ ಕುಸಿದಳು. ಹತ್ತಿರವಿದ್ದ ಗುರುಬಸವರಾಜ ತಟ್ಟನೆ ರಟ್ಟೆ ಹಿಡಿದ. ಬಗ್ಗಿದಾಗ ಮೂಗಿಗೆ ಕೀವಿನ ವಾಸನೆ ಬಡಿಯಿತು. ಸೀರೆಯ ಕೆಳಭಾಗ ಮುಂಗಾಲಿಗೆ ಅಂಟಿಕೊಂಡು, ಅಲ್ಲಲ್ಲಿ ಹಳದಿಯಾಗಿ ಒಣಗಿತ್ತು.

"ಯಮ್ಮಾ, ಕಾಲಿಗೆ ಏನಾಗೈತಿ?"

"ಏನಿಲ್ಲ ಬಿಡಪಾ."

"ಏನಾಗೈತಿ ಹೇಳು!"

"ಕೂಸು ಎಲ್ಲಿ ಮಲಗಿತ್ತು? ನನ್ನ ಕಾಲಮ್ಯಾಗ ಅಲ್ಲೇನು?" ಅವಳು ದನಿ ತಗ್ಗಿಸಿದಳು. "ಅದರ ಮುಂದ ಇದನ್ನ ಯಾವ ಬಾಯಿಲೆ ಹೇಳ್ಲಿ?"

ಬಂದ ಮಂದಿಯೆಲ್ಲ ಅವಳನ್ನು ಬೈದುಹೋಗಿದ್ದರು ಈ ಮನೆಯಲ್ಲಿ. ಎಂಟು ದಿನದಿಂದ ಆ ಸುಟ್ಟ ಕಾಲಲ್ಲೇ ಅವಳು ಕರೆದಾಗಲೆಲ್ಲ ಬಂದು ಈ ಹೊಸ್ತಿಲಲ್ಲಿ ಕುಳಿತಿದ್ದಳು. ಗುರುಬಸವರಾಜನಿಗೆ ಅವಳ ರಟ್ಟೆಯನ್ನು ಬಿಡಲಾಗಲಿಲ್ಲ. ಅಲ್ಲೇ ನೆಲಕ್ಕೆ ಕುಳಿತ.

"ಕಾಕಾರ, ಮಿಷನ್ ಸರಿ ಐತಿ. ಆದ್ರ ಹದ ಮಾಡೋ ವಾಲ್ವನ್ನ ಹಿಂದಿನ ಸಂಜಿ ಪೂರ್ತಿ ತಿರುವಿದಾಂವ ನಾನು. ಮೊದಲ ಆರಿದ ನೀರು ಬಂದು ಆಮ್ಯಾಲ ಸುಡೋ ನೀರು ಬರ್ತತಿ. ಈಕಿಗೆ ನಾನು ಹೇಳಿದ್ದಿಲ್ಲ. ಈಗ ಮ್ಯಾಲ ಹೋದಾಗ ಅದನ್ನ ತಿರುಗಿ ಮೊದಲಿನಂಗ ಮಾಡಿ ಬಂದೀನಿ. ಈಕಿ ಕೈ ಸತ್ತಿಲ್ರಿ."

ಪ್ರವೀಣಕುಮಾರ್ ಅವನ ಕೊರಳಪಟ್ಟಿ ಹಿಡಿದು ಎಬ್ಬಿಸಿದ. ಹೊಡೆಯಲು ಎತ್ತಿದ ಕೈ ಮೇಲೆಯೇ ನಿಂತಿತು. ಅವನ ಮುಖ ಅಳುವ ಹುಡುಗನ ಮುಖದಂತೆ ಸೊಟ್ಟಗಾಯಿತು.

"ಯಾರು ತಿರುವು ಅಂದ್ರು?" ಎಂದರು ಜಂಬಣ್ಣನವರು. "ಲೇ, ನಿನ್ನಷ್ಟಕ್ಕ ನೀನು ಯಾಕ ತಿರುವಿದ್ಯೋ? ಯಾರು ಅಂದ್ರು?"

ಗುರುಬಸವರಾಜ ನೀಲಗಂಗಮ್ಮನ ಕಡೆ ನೋಡಲಿಲ್ಲ. ಹೇಳಿದರೆ ಈ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ ಎಂದು ಅವನಿಗೆ ಅನ್ನಿಸಿತು.

"ಯಾರಂದಾರ?" ನೀಲಗಂಗಮ್ಮನ ದನಿ ಕೀರಲಾಗಿತ್ತು. "ಅವನ ಮಿಷನ್ನು, ಅವನ ಕೈ. ನಮಗೇನು ಗೊತ್ತಾಕತಿ?"

ಕೋಣೆಯೊಳಗೆ ಮಂಚ ಕಿರುಗುಟ್ಟಿತು. ಸುಮಲತಾ ಬಾಗಿಲಿಗೆ ಬಂದಳು. ತಲೆಗೆ ಕಟ್ಟಿದ ಬಟ್ಟೆ ಸಡಿಲವಾಗಿತ್ತು. ರವಿಕೆಯ ಎದೆಯಲ್ಲಿ ಹಾಲು ಸೋರಿ ಒದ್ದೆಯಾಗಿತ್ತು. ಅವಳು ತಾಯಿಯನ್ನು ಒಂದು ಸಲ, ಬಹಳ ಹೊತ್ತು ನೋಡಿದಳು. ನೀಲಗಂಗಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಸುಮಲತಾ ಅವರನ್ನು ದಾಟಿ, ಗಂಡನನ್ನು ದಾಟಿ, ಹೊಸ್ತಿಲ ಹತ್ತಿರ ಬಂದು ಕುಳಿತಳು.

"ಬ್ಯಾಡ ಮಗಳಾ, ನೋಡಬ್ಯಾಡ," ಎಂದಳು ಭರಮಮ್ಮ.

ಸುಮಲತಾ ಅಂಟಿದ ಸೀರೆಯನ್ನು ಎಳೆ ಎಳೆಯಾಗಿ ಬಿಡಿಸಿ ಮೊಣಕಾಲವರೆಗೆ ಸರಿಸಿದಳು. ಎರಡೂ ಮುಂಗಾಲುಗಳ ಹೊರಮಗ್ಗುಲಿನ ಚರ್ಮ ಸುಲಿದು ಹಸಿಯಾಗಿತ್ತು. ನಡುವೆ, ಕಾಲಿಗೆ ಕಾಲು ಕೂಡಿಸಿದಲ್ಲಿ, ಒಂದು ಗೇಣು ಉದ್ದದ ಜಾಗ ಮಾತ್ರ ಸುಟ್ಟಿರಲಿಲ್ಲ. ಅಲ್ಲಿಯ ಚರ್ಮ ಮೊದಲಿನಂತೆಯೇ ಕಪ್ಪಗೆ, ನುಣ್ಣಗೆ ಇತ್ತು.

ಸುಮಲತಾ ಅದರ ಮೇಲೆ ಅಂಗೈ ಇಟ್ಟಳು. ಭರಮಮ್ಮ ಕಾಲು ಅಲುಗಿಸಲಿಲ್ಲ.